ಹೊಸ ಡಬ್ಬಿಗೆ ಹಳೇ ಅಂಗಿ

ನಾನು ಮೊದಲ ಸಲ ಮನೆ ಬಿಟ್ಟದ್ದು ಕಾರ ಹುಣ್ಣಿಮೆಯ ದಿನ. ಆಗ ಏಳನೇ ಇಯತ್ತೆ. ಊರ ಮಂದಿಯೆಲ್ಲ ಕರಿಯ ತೋರಣ ಹರಿಯುವ ಎತ್ತುಗಳ ಹಿಂದೆ ಓಡುತ್ತಿದ್ದರು, ನಾನು ಸೋಲಾಪುರದ ಬಸ್ಸಿನ ಹಿಂದೆ ಓಡಿದೆ. ಅವರಿಗೆ ಎತ್ತು ಸಿಗಲಿಲ್ಲ, ನನಗೆ ಬಸ್ಸು ಸಿಕ್ಕಿತು. ಸಾಲಿ ಅಲ್ಲಿಗೆ ಮುಗಿಯಿತು. ಆಮೇಲೆ ಚಾದರ ಮಡಚುವ ಕೆಲಸ ಮಾಡಿದೆ, ಬೋರ್‌ವೆಲ್ ಗಾಡಿಯ ಮೇಲೆ ಕೂತು ಆಂಧ್ರ ಸುತ್ತಿದೆ, ಗೋವಾದಲ್ಲಿ ಮೀನು ಬಾಯಿಗಿಡದೆ ಮೀನಿನ ಹೋಟೆಲಿನಲ್ಲಿ ತಟ್ಟೆ ತೊಳೆದೆ. ಎಲ್ಲಿ ಹೋದರೂ ಒಂದು ಮಾತ್ರ ತಪ್ಪಲಿಲ್ಲ. ಕಲಿತವರು ಬಹಳ ವಿಚಾರ ಮಾಡಿ ಏನಾದರೊಂದು ಕಟ್ಟುತ್ತಾರೆ, ಅದು ಸರಿಯಾಗಿ ನನ್ನ ಕಣ್ಣ ಮುಂದೆಯೇ ಮಗುಚಿಕೊಳ್ಳುತ್ತದೆ. ನಾನೇನೂ ಮಾಡಬೇಕಿಲ್ಲ, ಸುಮ್ಮನೆ ಬಾಜೂಕ್ಕೆ ನಿಂತಿದ್ದರೆ ಸಾಕು.

ಹೀಗೆ ನಿಂತಿದ್ದಾಗಲೇ ಬೆಂಗಳೂರಿನ ಒಂದು ಕಂಪನಿಯ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು. ಕಂಪನಿ ಮಾಡುವುದು ಕೂಸುಗಳ ಸಾಮಾನು, ಆಟಿಕೆಯಲ್ಲ, ಆಸ್ಪತ್ರೆಯದು. ನಮ್ಮ ಕಡೆ ತೂಕ ಕಡಿಮೆ ಇರುವ ಕೂಸು ಹುಟ್ಟಿದರೆ ಅದನ್ನು ಎತ್ತಿಕೊಂಡು ವಿಜಯಪುರಕ್ಕೆ ಓಡಬೇಕು. ದಾರಿಯ ಗಾಳಿಗೆ ಕೂಸು ತಣ್ಣಗಾಗುತ್ತದೆ. ತಣ್ಣಗಾದ ಕೂಸು ಅಳುವುದಿಲ್ಲ, ಅದೇ ಅಂಜಿಕೆ. ಅದಕ್ಕೆ ನಮ್ಮ ಎಂಜಿನಿಯರ್ ಸಾಹೇಬರು ಅಗ್ಗದ ದರದಲ್ಲಿ ಒಂದು ಡಬ್ಬಿ ಮಾಡಿದ್ದರು. ಕೆಳಗೆ ಬೆಚ್ಚಗಾಗುವ ಹಾಸಿಗೆ, ಸುತ್ತ ಗಾಜಿನಂಥ ಗೋಡೆ, ಕರೆಂಟು ಹೋದರೆ ಬ್ಯಾಟರಿ. ವಿಚಾರ ಬಂಗಾರದಂಥದ್ದು, ಅದರಲ್ಲಿ ನನ್ನ ತಕರಾರಿಲ್ಲ. ದುಡ್ಡು ಕೊಟ್ಟ ಪರದೇಶದ ಮಂದಿ ಮಳೆಗಾಲದಲ್ಲಿ ನೋಡಲು ಬರುವವರಿದ್ದರು. ಅಷ್ಟರೊಳಗೆ ನಾಲ್ಕು ತಾಲೂಕಿನಲ್ಲಿ ಎಲ್ಲಾದರೂ ಒಂದು ನಿಜವಾದ ಕೂಸು ಡಬ್ಬಿಯೊಳಗೆ ಮಲಗಿ ಬೆಚ್ಚಗಾಗಬೇಕು. ಇಲ್ಲದಿದ್ದರೆ ಡಬ್ಬಿಯೂ ಬಂದ್, ಸಾಹೇಬರ ಕೆಲಸವೂ ಬಂದ್.

ಇಂಡಿಯಲ್ಲಿ ಉದ್ಘಾಟನೆ

ಸಾಹೇಬರು ಇಂಡಿಗೆ ಡಬ್ಬಿ ಇಳಿಸಿದ್ದು ನಡು ಬ್ಯಾಸಿಗೆಯಲ್ಲಿ. ನೆರಳಿನಲ್ಲಿ ಇಟ್ಟ ಲಿಂಬೆಹಣ್ಣೇ ಒಣಗುವ ಬಿಸಿಲು. ಆಸ್ಪತ್ರೆಯ ಬಾಗಿಲ ಕಾಯುವವನು ಡಬ್ಬಿಯನ್ನು ಸುತ್ತು ಹಾಕಿ ಕೇಳಿದ, "ಇದೇನ್ ಮಾಡ್ತೈತ್ರಿ?"

"ಮಗುವನ್ನ ಬೆಚ್ಚಗಿಡುತ್ತೆ."

ಅವನು ಹೊರಗಿನ ಅಂಗಳ ನೋಡಿದ, ಸಾಹೇಬರನ್ನು ನೋಡಿದ. "ನಮ್ಮೂರಾಗ? ಈ ದಿನಮಾನದಾಗ? ತಂಪ ಮಾಡೂದು ತಂದಿದ್ರ ನಾನೂ ಒಳಗ ಕುಂದರತಿದ್ನಿ."

ಒಳಗೆ ಹೆರಿಗೆ ಕೋಣೆಯಲ್ಲಿ ಫ್ಯಾನು ಪೂರಾ ಜೋರಿನಲ್ಲಿ ತಿರುಗುತ್ತದೆ, ಒದ್ದೆ ಕೂಸಿಗೆ ಅದೇ ಚಳಿ ಎಂದು ಸಾಹೇಬರು ಬಿಡಿಸಿ ಹೇಳಿದರು. ಅವನು ಗೋಣು ಹಾಕಿದ. ಆದರೆ ಅಷ್ಟರಲ್ಲಿ ಉದ್ಘಾಟನೆಗೆ ಪುಢಾರಿ ಬಂದರು, ಅವರ ಹಿಂದೆ ಹಾರ ಬಂತು, ಹಾರದ ಹಿಂದೆ ಕಾಯಿ ಬಂತು.

ಕಾಯಿ ಎಲ್ಲಿ ಒಡೆಯಬೇಕು ಎನ್ನುವುದೇ ಪ್ರಶ್ನೆಯಾಯಿತು. ಡಾಕ್ಟರರು, "ನೆಲಕ್ಕ ಬ್ಯಾಡ್ರಿ, ಟೈಲ್ಸ್ ಹ್ವಾದ ವಾರ ಹಾಕಿಸೇವಿ" ಎಂದರು. ಪುಢಾರಿ ಆಚೀಚೆ ನೋಡಿದರು. ಗಟ್ಟಿಯಾಗಿ ಕಂಡದ್ದು ಡಬ್ಬಿಯ ಸ್ಟೀಲಿನ ಅಂಚು. ಸಾಹೇಬರು "ಸಾರ್, ಸಾರ್" ಎನ್ನುವಷ್ಟರಲ್ಲಿ ಠಪ್ ಎಂದಿತು. ಎಳನೀರಷ್ಟು ನೀರು ನೇರ ಸ್ವಿಚ್ಚಿನ ಪೆಟ್ಟಿಗೆಯೊಳಗೆ ಇಳಿಯಿತು. ಡಬ್ಬಿ ಒಮ್ಮೆ ಕುಂಯ್ ಎಂದು ಕಣ್ಣು ಮುಚ್ಚಿತು.

ಪುಢಾರಿ ಎರಡೂ ಕೈ ಮುಗಿದು, "ನೋಡ್ರಿ, ಸೇವಾ ಸ್ವೀಕಾರ ಮಾಡ್ತು!" ಎಂದರು. ಚಪ್ಪಾಳೆಯೋ ಚಪ್ಪಾಳೆ.

ಸಾಹೇಬರು ಬೆಂಗಳೂರಿಗೆ ಹೋಗಿ ಹೊಸ ಮುಚ್ಚಳ ಮಾಡಿಸಿ, ದಿನಾ ಅದರ ಮೇಲೆ ಕಾಯಿ ಒಡೆದು ಪರೀಕ್ಷೆ ಮಾಡಿದರಂತೆ. ಕಚೇರಿಯ ಮಂದಿಗೆಲ್ಲ ಚಟ್ನಿ ತಿಂದು ಎದೆಯುರಿ. ಬಡ ದೇಶಗಳ ಕೂಸುಗಳಿಗೆಂದು ಮಾಡಿದ ಯಂತ್ರಗಳಲ್ಲಿ ಕಾಯಿ ಒಡೆಯಲಿಕ್ಕೆ ಪಾಸಾದದ್ದು ಇಡೀ ಜಗತ್ತಿನಲ್ಲಿ ನಮ್ಮದೊಂದೇ. ಕೂಸು ಮಾತ್ರ ಇನ್ನೂ ಮಲಗಿರಲಿಲ್ಲ.

ಸಿಂದಗಿಯಲ್ಲಿ ಮಾತಾಡಿದ ಡಬ್ಬಿ

ರಿಪೇರಿಯಾದ ಡಬ್ಬಿಗೆ ಸಾಹೇಬರು ಮಾತು ಕಲಿಸಿ ತಂದರು. ಒಳಗೆ ಕಾವು ಕಡಿಮೆಯಾದರೆ ಒಬ್ಬ ಹೆಣ್ಣುಮಗಳ ದನಿ ಹೇಳುತ್ತದೆ: "ದಯವಿಟ್ಟು ಗಮನಿಸಿ. ಮಗುವಿನ ದೇಹದ ಉಷ್ಣತೆ ಕಡಿಮೆಯಾಗುತ್ತಿದೆ. ಸಹಕರಿಸಿ." ಮಾತು ಎಷ್ಟು ಮೆತ್ತಗೆಂದರೆ ಕೇಳಿದವರಿಗೇ ಜೋಂಪು ಹತ್ತಬೇಕು.

ಸಿಂದಗಿಯಲ್ಲಿ ಮೊದಲು ಕೂಸಿನ ಬದಲಿಗೆ ನೀರು ತುಂಬಿದ ರಬ್ಬರ್ ಚೀಲ ಮಲಗಿಸಿ ಪರೀಕ್ಷೆ ಮಾಡಿದರು. ಚೀಲ ತಣ್ಣಗಾಯಿತು. ದನಿ ಶುರುವಾಯಿತು. ವಾರ್ಡಿನಲ್ಲಿ ಒಬ್ಬರೂ ಕದಲಲಿಲ್ಲ. ದನಿ ಬೇಡಿಕೊಂಡಿತು, ಮತ್ತೆ ಬೇಡಿಕೊಂಡಿತು. ಯಂಕಂಚಿಯಿಂದ ಬಾಣಂತಿಯ ಕೂಡ ಬಂದಿದ್ದ ಹೆಂಗಸು ತನ್ನ ಚೀಲದಿಂದ ಮೊಬೈಲ್ ತೆಗೆದು ನೋಡಿ ಮತ್ತೆ ಒಳಗಿಟ್ಟಳು.

ಸಾಹೇಬರು ಬೆವರೊರೆಸಿಕೊಂಡು ವಾರ್ಡಿನ ಆಯಾಳನ್ನು ಕೇಳಿದರು, "ನಿಮಗೆ ಕೇಳಿಸಲಿಲ್ವಾ?"

"ಕೇಳಸ್ತ್ರಿ. ಯಾರದೋ ಫೋನ್ ಹತ್ತವಲ್ದು, ಆಮ್ಯಾಲ ಮಾಡ್ರಿ ಅನ್ನಾಕತ್ತಾಳ ಅಂದ್ಕೊಂಡ್ನಿ."

"ಹಾಗಾದ್ರೆ ನೀವಾಗಿದ್ರೆ ಹೇಗೆ ಹೇಳ್ತಿದ್ರಿ?"

ಕೇಳಬಾರದಾಗಿತ್ತು. ಆಯಾ ಸೆರಗು ಸಿಗಿಸಿಕೊಂಡು ಬಾಯಿ ತೆರೆದಳು: "ಏ ಯವ್ವಾ! ಕೂಸು ತಣ್ಣಗ ಆಗಾಕತ್ತೈತಿ, ಏನ್ ಹಲ್ಲ ಕಿಸ್ಕೊಂತ ಕುಂತೀರಿ? ಬರ್ರೇ ಇಲ್ಲಿ!" ಸಾಹೇಬರು ಅದನ್ನೇ ಮೊಬೈಲಿನಲ್ಲಿ ಹಿಡಿದು ಡಬ್ಬಿಯೊಳಗೆ ತುಂಬಿದರು. ಮರುದಿನ ಚೀಲ ತಣ್ಣಗಾದಾಗ ಡಬ್ಬಿ ಒದರಿತು ನೋಡಿ, ಸಿಸ್ಟರ್ ಓಡಿ ಬಂದರು, ಡಾಕ್ಟರ್ ಓಡಿ ಬಂದರು, ಹೊರಗಿನ ಚಹಾದವನು ಕೆಟಲು ಹಿಡಿದುಕೊಂಡೇ ಓಡಿ ಬಂದ. ಸಾಹೇಬರ ಮುಖ ಅರಳಿತು.

ಅರಳಿದ್ದು ಆಯಾ ಬರುವವರೆಗೆ. ಆಕೆ ಬಂದವಳೇ ಡಬ್ಬಿಯ ಕೂಡ ಜಗಳಕ್ಕೆ ನಿಂತಳು. "ಯಾರಿಗ್ ಹೇಳ್ತಿ? ನಾ ಏನ್ ಖಾಲಿ ಕುಂತೇನೇನ? ನೀನ ಹೊಚ್ಚು!" ಡಬ್ಬಿ ಬಿಡುತ್ತದೆಯೇ? "ಏನ್ ಹಲ್ಲ ಕಿಸ್ಕೊಂತ ಕುಂತೀರಿ" ಎಂದು ತಿರುಗಿಸಿ ಕೊಟ್ಟಿತು. ಆಕೆಯ ದನಿ ಆಕೆಗೇ ಎದುರು.

ವಾರ್ಡಿನ ಹೆಂಗಸರೆಲ್ಲ ಸೇರಿ ಒಂದೇ ಮಾತು ಹೇಳಿದರು: "ಸಾಹೇಬ್ರ, ಒಬ್ಬಾಕಿನ್ನ ತಡಕೊಳ್ಳೂದ ಕಷ್ಟ ಐತಿ. ನೀವು ಎರಡು ಮಾಡಿಟ್ರಿ. ಇದನ್ನ ಒಯ್ರಿ."

ಮುದ್ದೇಬಿಹಾಳದಲ್ಲಿ ಮರ್ಯಾದೆ

ದನಿ ತೆಗೆಸಿ ಮುದ್ದೇಬಿಹಾಳಕ್ಕೆ ತಂದೆವು. ಅಲ್ಲಿ ಡಬ್ಬಿಗೆ ಸಿಕ್ಕ ಮರ್ಯಾದೆ ಬೀಗರಿಗೂ ಸಿಗುವುದಿಲ್ಲ. ಆಸ್ಪತ್ರೆಯ ಸಾಮಾನು ನೋಡಿಕೊಳ್ಳುವ ಹಿರಿಯರೊಬ್ಬರು ಅದಕ್ಕೆ ಎರಡು ಪದರ ಪ್ಲಾಸ್ಟಿಕ್ ಸುತ್ತಿ, ಕೋಣೆಯೊಳಗಿಟ್ಟು ಕೀಲಿ ಹಾಕಿ, ಬಾಗಿಲಿಗೆ "ಮುಟ್ಟಬಾರದು" ಎಂದು ಬರೆಸಿದರು.

ತಂಗಡಗಿಯ ಕಡೆಯ ಒಂದು ಸಣ್ಣ ಕೂಸು ಬಂತು. ನಾನು ಓಡಿ ಹೋಗಿ ಹಿರಿಯರಿಗೆ ಕೀಲಿ ಕೇಳಿದೆ.

"ಒಳಗ ಮಲಗಸ್ತೀರಿ, ಸರಿ. ಕೂಸು ಉಚ್ಚಿ ಹೊಯ್ತಂದ್ರ?"

"ಹೊಯ್ತಾವ್ರಿ. ಕೂಸು ಮತ್ತೇನ್ ಮಾಡ್ತಾವ?"

"ಮತ್ತ ಮ್ಯಾಲಿನವ್ರು ನೋಡಾಕ ಬಂದ್ರ ಯಾರ ಜವಾಬ್ದಾರಿ? ನಿಂದಾ, ಕೂಸಿಂದಾ?"

ಈ ವಾದ ನಡೆದಾಗಲೇ ಕೂಸನ್ನು ಸೋದರತ್ತೆಯ ಸೀರೆಯ ಚುಂಗಿನಲ್ಲಿ ಸುತ್ತಿ ಆಂಬ್ಯುಲೆನ್ಸಿಗೆ ಹಾಕಿದರು. ಕೂಸಿಗೆ ಒಂದು ಚುಂಗು, ಡಬ್ಬಿಗೆ ಎರಡು ಪದರ ಪ್ಲಾಸ್ಟಿಕ್. ಕೂಸು ಗಟ್ಟಿ ಜೀವ, ಉಳಿಯಿತಂತೆ. ಅದರಲ್ಲಿ ನಮ್ಮದೇನೂ ಇಲ್ಲ.

ಮುಂದಿನ ವಾರ ಮೇಲಿನವರು ನಿಜವಾಗಿಯೂ ಬಂದರು. ಕೀಲಿ ತೆಗೆಸಿ, ಪ್ಲಾಸ್ಟಿಕ್ ಬಿಚ್ಚಿಸಿ, ಬೆರಳಾಡಿಸಿ ಧೂಳು ನೋಡಿದರು. "ಇಷ್ಟು ದಿನ ಕೂಸುಗಳಿಗೆ ಬಳಸೀರಿ, ಆದ್ರೂ ಎಷ್ಟ ಸ್ವಚ್ಛ ಇಟ್ಟೀರಿ!" ಎಂದು ಹಿರಿಯರಿಗೆ ಶಾಲು ಹೊದಿಸಿ ಹೋದರು.

ಬಸವನ ಬಾಗೇವಾಡಿಯಲ್ಲಿ ಅಂಗಿ

ಉಳಿದದ್ದು ಬಾಗೇವಾಡಿ ಒಂದೇ. ಪರದೇಶದ ಮಂದಿ ಬರುವ ದಿನವೂ ಬಂತು. ಸಾಹೇಬರು ಬೆಳಿಗ್ಗೆಯೇ ಹಾಜರು. ಹೊರಗೆ ಹಸಿಗಾಳಿ, ಜಿಟಿಜಿಟಿ ಮಳೆ. ಹೂವಿನ ಹಿಪ್ಪರಗಿಯ ಬಾಣಂತಿಯೊಬ್ಬಳಿಗೆ ಆಪರೇಶನ್ ಆಗಿ ಕೂಸು ಹುಟ್ಟಿತ್ತು, ಅಂಗೈ ಮೇಲೆ ಹಿಡಿಸುವಷ್ಟು. ತಾಯಿಗೆ ಎಚ್ಚರವಿಲ್ಲ, ಎದೆಗೆ ಹಾಕಿಕೊಳ್ಳುವಂತಿಲ್ಲ. ಆಂಬ್ಯುಲೆನ್ಸ್ ಬೇರೆ ಯಾರನ್ನೋ ಒಯ್ದಿತ್ತು. ಕೂಸು ಅಳುತ್ತಿರಲಿಲ್ಲ. ಡಾಕ್ಟರಮ್ಮ "ಡಬ್ಬಿಗೆ ಹಾಕ್ರಿ, ಲಗೂನ" ಎಂದರು.

ಕೂಸಿನ ಆಯಿ, ಅಂದರೆ ತಾಯಿಯ ತಾಯಿ, ಅಡ್ಡ ನಿಂತಳು.

"ಇದು ಹೊಸಾದಲ್ಲ?"

ಸಾಹೇಬರು ಖುಷಿಯಿಂದ, "ಹೌದಮ್ಮಾ, ಎಲ್ಲ ಹೊಚ್ಚ ಹೊಸದು! ಹಾಸಿಗೆಯೂ ಹೊಸದೇ, ನಿಮ್ಮ ಮಗುವೇ ಮೊದಲು" ಎಂದರು.

"ಹಂಗಿದ್ರ ಬ್ಯಾಡ."

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಅರಿವೆ ಮುಟ್ಟಿಸುವುದಿಲ್ಲ. ಚೆನ್ನಾಗಿ ಬಾಳಿದವರು ಉಟ್ಟು ಬಿಟ್ಟ ಹಳೇ ಅರಿವೆಯಲ್ಲೇ ಮೊದಲು ಮಲಗಿಸಬೇಕು, ಅವರ ಆಯುಷ್ಯ ಕೂಸಿಗೂ ಹತ್ತಲಿ ಅಂತ. ಹೊಸದು ತೊಟ್ಟಿಲಿಗೆ ಹಾಕುವ ದಿನವೇ. ಬಾಜೂ ಕಾಟಿನ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡಿದ್ದ ಮುಸಲ್ಮಾನರ ಅಜ್ಜಿ, ನಾನಿ ಕೂಡ, "ನಮ್ಮಲ್ಲೂ ಹಂಗ ಐತಿ ತಮ್ಮಾ, ಆಕಿ ಖರೇನ ಹೇಳ್ತಾಳ" ಎಂದಳು. ಹೊಳೆಯುವ ಹಾಗೆ ಮಾಡಲು ವರ್ಷಗಟ್ಟಲೆ ಉಜ್ಜಿದ ಡಬ್ಬಿ ಹೊಳೆದದ್ದಕ್ಕೇ ನಪಾಸಾಯಿತು.

ಸಾಹೇಬರ ತಾಳ್ಮೆ ಹೋಯಿತು. "ಯಾವ ಕಾಲದಲ್ಲಿ ಇದ್ದೀರಮ್ಮಾ? ಇದೆಲ್ಲ ಮೂಢನಂಬಿಕೆ!"

ಸಿಸ್ಟರ್ ನಡುವೆ ಬಂದರು. "ವಾದ ಬ್ಯಾಡ್ರಿ, ಹೊತ್ತಿಲ್ಲ. ಆಯೀ, ಹಳೇ ಅರಿವಿ ಹಾಸಿದ್ರ ಆತಲ್ಲ? ಕುದಿಸಿ, ಒಣಗಿಸಿ ನಾ ಕೊಡ್ತೇನಿ."

"ಆಗ್ತೈತಿ. ಯಾರದು?"

ಅವಸರದಲ್ಲಿ ಬಂದವರ ಗಂಟಿನಲ್ಲಿ ಹಳೇದು ಇರಲಿಲ್ಲ. ನಾನು ಅಂಗಿಯ ಗುಂಡಿಗೆ ಕೈ ಹಾಕಿದೆ. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿರ್ತಿ ತಮ್ಮಾ?"

"ಹಿಂಗ ಊರೂರು ತಿರಗ್ತೇನಿಬೇ."

"ಹೆಂಡ್ತಿ, ಮಕ್ಕಳು?"

"ಇಲ್ಲಬೇ."

"ಗುಂಡಿ ಹಾಕ್ಕೋ. ನಾಳೆ ನಮ್ಮ ಕೂಸೂ ಮನಿ ಬಿಟ್ಟು ಓಡೀತು." ಆಕೆಯ ಕಣ್ಣು ಸಾಹೇಬರ ಮೇಲೆ ನಿಂತಿತು. ಎತ್ತರದ ಆಳು, ತುಂಬಿದ ಗಲ್ಲ. "ನಿಮ್ಮವ್ವ ಅಪ್ಪ ಅದಾರ?"

"ಇದ್ದಾರೆ. ಯಾಕೆ?"

"ಎಷ್ಟ ರೊಟ್ಟಿ ತಿಂತೀರಿ?"

"ನಾನು ರೊಟ್ಟಿ, ಅನ್ನ ಎಲ್ಲ ಬಿಟ್ಟಿದ್ದೀನಿ. ಡಯಟ್ಟು."

ಆಯಿ ನಾನಿಯ ಕಡೆ ತಿರುಗಿದಳು. "ಬಿಟ್ಟ ಹಿಂಗದಾನ. ತಿಂದಿದ್ರ ಹ್ಯಾಂಗ ಆಗತಿದ್ದ! ಇವನ ಅಂಗಿ ಬೇಕು."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಇದು ಆಗಲ್ಲ. ಬೇರೆ ತರಿಸ್ತೀನಿ. ಇದು... ಇದು ಕಾಲೇಜಿನಿಂದ ಇಟ್ಕೊಂಡಿರೋದು. ಇದು ನನ್ನ ಲಕ್ಕಿ ಶರ್ಟು. ದೊಡ್ಡವರು ಬರೋ ದಿನ ಇದನ್ನೇ ಹಾಕೋದು."

ಡಾಕ್ಟರಮ್ಮ ನಗು ತಡೆಯಲು ಕಿಟಕಿಯ ಕಡೆ ಮುಖ ಮಾಡಿದರು. ಆಯಿ ಮಾತ್ರ ನಗಲಿಲ್ಲ. "ಅದಕ್ಕ ಕೇಳಾಕತ್ತೇನಿ, ಬಿಚ್ರಿ" ಎಂದಳು.

ಬಿಚ್ಚಿದರು. ಸಿಸ್ಟರ್ ಅದನ್ನು ಉಪಕರಣ ಕುದಿಸುವ ಪಾತ್ರೆಗೆ ಹಾಕಿ, ಇಸ್ತ್ರಿ ತಿಕ್ಕಿ ಒಣಗಿಸುವವರೆಗೆ ಆಯಿ ಕೂಸನ್ನು ತನ್ನ ಕುಪ್ಪಸದೊಳಗೆ ಅವಚಿಕೊಂಡು ಕೂತಳು. ಆಮೇಲೆ ಡಬ್ಬಿ ಚಾಲೂ ಆಯಿತು, ಅಂಗಿ ಹಾಸಿದರು, ಕೂಸನ್ನು ಮಲಗಿಸಿದರು. ಎಲ್ಲರೂ ಸುತ್ತ ನಿಂತೆವು. ನೀಲಿಗಟ್ಟಿದ್ದ ಪಾದ ಮೆಲ್ಲಗೆ ಕೆಂಪಾಯಿತು. ಬೆರಳು ಅಲುಗಿದವು. ಕೊನೆಗೆ ಕೂಸು ಬಾಯಿ ತೆರೆದು ಒದರಿತು, ಸಿಂದಗಿಯ ಆಯಾ ನಾಚಬೇಕು, ಹಾಗೆ.

ಅದೇ ಹೊತ್ತಿಗೆ ಪರದೇಶದ ಮಂದಿ ಒಳಗೆ ಬಂದರು. ಸಾಹೇಬರು ಬನಿಯನ್ನಿನ ಮೇಲೆ ಕೊರಳಪಟ್ಟಿ ಸರಿಮಾಡಿಕೊಳ್ಳಲು ಹೋಗಿ, ಕೊರಳಪಟ್ಟಿ ಇಲ್ಲವೆಂದು ನೆನಪಾಗಿ, ಹಾಗೇ ಕೈ ಕುಲುಕಿದರು. ಬಂದವರು ಬನಿಯನ್ ನೋಡಿದರು, ಡಬ್ಬಿಯೊಳಗಿನ ಅಂಗಿ ನೋಡಿದರು, ಒಬ್ಬಾಕೆ ಕಣ್ಣೊರೆಸಿಕೊಂಡಳು.

ಡಬ್ಬಿ ಉಳಿಯಿತು. ಕೂಸು ತೂಕ ಹಿಡಿಯಿತು. ಮನೆಗೆ ಹೋಗುವ ದಿನ ಆಯಿ ಅಂಗಿಯನ್ನು ಮಡಚಿ ತನ್ನ ಗಂಟಿನೊಳಗೆ ಸೇರಿಸಿದಳು. ಸಾಹೇಬರು ಆಸೆಯಿಂದ, "ನಮ್ಮ ಯಂತ್ರ ಹೇಗಿತ್ತಮ್ಮಾ?" ಎಂದು ಕೇಳಿದರು.

"ಯಂತ್ರ ಏನ್ ಮಾಡ್ತು ತಮ್ಮಾ? ಎಲ್ಲಾ ಅಂಗಿ ಗುಣ. ಡಬ್ಬಿ ಬೇಕಾದ್ರ ನೀವ ಇಟ್ಕೋರಿ."

ಮೊನ್ನೆ ಬೆಂಗಳೂರಿನಿಂದ ಫೋನ್ ಬಂತು. ದೊಡ್ಡ ಮೀಟಿಂಗ್ ಆಯಿತಂತೆ. ಇನ್ನು ಮುಂದೆ ಪ್ರತಿ ಡಬ್ಬಿಯ ಜೊತೆ ಒಂದು ಹಳೇ ಅಂಗಿ ಉಚಿತ. ಹಳೇ ಅಂಗಿ ಅಷ್ಟೊಂದು ಎಲ್ಲಿ ಸಿಗಬೇಕು? ಅದಕ್ಕೆ ಕಾರ್ಖಾನೆಯಲ್ಲೇ ಹೊಸದಾಗಿ ಹೊಲಿಸಿ, ಯಂತ್ರಕ್ಕೆ ಹಾಕಿ ಹಳೇದಾಗುವವರೆಗೆ ಒಗೆಯುತ್ತಾರಂತೆ. ನಾಲ್ಕೂ ತಾಲೂಕಿಗೆ ಹಂಚುವ ಕೆಲಸ ನನಗೆ. ಒಂದು ಕುರ್ಚಿ, ಒಂದು ಮೇಜು, ಕೊರಳಿಗೆ ಐಡಿ ಕಾರ್ಡಿನ ಪಟ್ಟಿ. ಅಂಗಿಗಳ ಮೊದಲ ಗಂಟು ಮರುದಿನವೇ ಬಾಗೇವಾಡಿಗೆ ಬರುತ್ತದಂತೆ.

"ಆಗಲ್ರಿ ಸಾಹೇಬ್ರ" ಎಂದು ಫೋನ್ ಇಟ್ಟೆ. ವ್ಯಾನಿನ ಕೀಲಿಯನ್ನು ಸಿಸ್ಟರ್ ಕೈಗೆ ಕೊಟ್ಟು, ಇದ್ದೆರಡು ಬಟ್ಟೆಯನ್ನು ಚೀಲಕ್ಕೆ ತುರುಕತೊಡಗಿದೆ.

"ಎಲ್ಲಿಗಿ ಹೊಂಟೀಯೋ ಮಾರಾಯಾ? ಕುರ್ಚಿ ಕೊಡ್ತಾರಂತ, ಕುಂದರಬಾರದ?"

"ಕುಂದರತಿದ್ನಿರಿ ಅಕ್ಕಾರ. ಆದ್ರ ಆಯಿಗೋಳು ಮೊದ್ಲ ಕೇಳೂದ 'ಈ ಅಂಗಿ ಯಾರದು' ಅಂತ. ಅವ್ರು ಕೇಳೂದ್ರಾಗ ನಾ ಜಿಲ್ಲಾ ದಾಟಿರಬೇಕು."