ಹೊಲಿಗೆ ಕೋಣೆಯ ಏಸಿ ಮತ್ತು ನನ್ನ ಗುಟ್ಟಿನ ಶೀತ

ಗೆದ್ದವರು ತಮ್ಮ ಗೆಲುವನ್ನು ತಾವೇ ಹೇಳಿಕೊಂಡು ತಿರುಗಬಾರದು ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಲ್ಲಿ ಯಾರೂ ಏಪ್ರಿಲ್ ತಿಂಗಳಲ್ಲಿ ಕೋಟೇಶ್ವರದ ಟೆರೇಸು ಮನೆಯೊಂದರಲ್ಲಿ ಕೂತು ಮದುವೆಯ ರವಿಕೆ ಹೊಲಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಹೊಲಿದವಳು. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿರುವವಳು. ಹಾಗಾಗಿ ನಾನು ಗೆದ್ದದ್ದನ್ನು ಹೇಳಿಯೇ ಹೇಳುತ್ತೇನೆ. ಕೇಳಲು ಮನಸ್ಸಿಲ್ಲದವರು ಫ್ಯಾನಿನ ಕೆಳಗೆ ಹೋಗಿ ಕೂರಬಹುದು.

ಫ್ಯಾನು ಎಂದೆನಲ್ಲ, ಕತೆ ಶುರುವಾಗುವುದೇ ಅಲ್ಲಿಂದ. ಬಿಸಿಲಾದರೆ ನೆರಳಿಗೆ ಹೋಗಬಹುದು, ನಮ್ಮ ಕರಾವಳಿಯ ಸೆಕೆಯಿಂದ ಪಾರಾಗಿ ಎಲ್ಲಿಗೆ ಹೋಗುವುದು? ಮಿಂದು ಬಂದು ಮೈ ಒರೆಸಿಕೊಂಡರೆ ಒರೆಸಿದ್ದು ನೀರೋ ಬೆವರೋ ಗೊತ್ತಾಗುವುದಿಲ್ಲ. ಉಳಿದವರಿಗೆಲ್ಲ ಫ್ಯಾನಾದರೂ ಇದೆ. ಹೊಲಿಯುವವರಿಗೆ ಫ್ಯಾನಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಹಾಕಿದರೆ ಕತ್ತರಿಸಿಟ್ಟ ಲೈನಿಂಗ್ ಬಟ್ಟೆ ಮಂಚದಡಿ ಸೇರುತ್ತದೆ, ಅಳತೆ ಬರೆದ ಚೀಟಿ ಅಡುಗೆಮನೆಗೆ ಹೋಗುತ್ತದೆ. ಒಮ್ಮೆ ಹೀಗೆ ತುಂಡುಗಳೆಲ್ಲ ಹಾರಿ ಬೆರೆತುಹೋಗಿ, ಹೆಮ್ಮಾಡಿಯ ಟೀಚರೊಬ್ಬರಿಗೆ ಎರಡೂ ಎಡಗೈಯ ರವಿಕೆ ಹೊಲಿದುಕೊಟ್ಟಿದ್ದೆ. ಪಾಪ, ಒಳ್ಳೆಯವರು, ತಮ್ಮ ತೋಳೇ ಸರಿಯಿಲ್ಲವೇನೋ ಎಂದುಕೊಂಡು ಒಂದು ಮದುವೆ ಉಂಡು ಬಂದಿದ್ದರು. ಫ್ಯಾನು ಹಾಕದಿದ್ದರೆ ಮೂಗಿನ ತುದಿಯಿಂದ ಬೆವರು ನೇರ ರೇಷ್ಮೆಯ ಮೇಲೆ. ರೇಷ್ಮೆಗೆ ಬಿದ್ದ ಬೆವರಿನ ಕಲೆ ಹೋಗುವುದು ಬಹಳ ಕಷ್ಟ. ಅದಕ್ಕೆ ನಾನು ಹಣೆಗೆ ಬೈರಾಸು, ಎಂದರೆ ತೆಳು ಟವೆಲು, ಬಿಗಿದು ಕಟ್ಟಿಕೊಂಡು ಹೊಲಿಯುತ್ತಿದ್ದೆ. ಬಂದವರೆಲ್ಲ ಬಾಗಿಲಲ್ಲೇ ನಿಂತು, "ಎಂತ ಜಲಜಾ, ತಲಿನೋವಾ?" ಎಂದು ಕೇಳುವರು. ಇಪ್ಪತ್ತೆರಡು ವರ್ಷ ಅದೇ ಪ್ರಶ್ನೆ ಕೇಳಿಸಿಕೊಂಡರೆ ಇಲ್ಲದ ತಲೆನೋವೂ ಬರುತ್ತದೆ.

ಈ ವರ್ಷ ಗಟ್ಟಿ ಮನಸ್ಸು ಮಾಡಿ ಹೊಲಿಗೆ ಕೋಣೆಗೆ ಏಸಿ ಹಾಕಿಸುವುದೆಂದು ನಿಶ್ಚಯಿಸಿದೆ. ನನ್ನ ಗಂಡ ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವರು. ಫೋನಿನಲ್ಲಿ ವಿಷಯ ಹೇಳಿದರೆ, "ಅಮ್ಮನ ಹತ್ರ ಕೇಳ್" ಎಂದು ಇಟ್ಟುಬಿಟ್ಟರು. ತೂಫಾನಿನಲ್ಲೂ ಬೋಟು ತಿರುಗಿಸಿಕೊಂಡು ಬಂದ ಗಂಡಸು ಅವರು. ಆದರೆ ಅಮ್ಮನಿಗೂ ನನಗೂ ನಡುವಿನ ನೀರಿಗೆ ಇವತ್ತಿನವರೆಗೆ ಇಳಿದಿಲ್ಲ.

ಅತ್ತೆ ಮೂವತ್ತೈದು ವರ್ಷ ಮೀನು ಮಾರಿದವರು. ಈಗ ಮಂಡಿನೋವೆಂದು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಾರೆ. ಬುಟ್ಟಿ ಬಿಟ್ಟರೂ ಮೀನಿನ ಲೆಕ್ಕದಲ್ಲೇ ಲೋಕವನ್ನು ನೋಡುವುದು ಬಿಟ್ಟಿಲ್ಲ. ಮದುವೆಗೆ ಬಂದ ಹುಡುಗನನ್ನು ಕಂಡರೂ ಮೊದಲು ಕಣ್ಣು ನೋಡಿ, "ತಾಜಾ ಇತ್ತ್" ಎನ್ನುತ್ತಾರೆ. ನಮ್ಮ ಕಡೆ 'ಇತ್ತ್' ಎಂದರೆ 'ಇದೆ' ಎಂದು ಅರ್ಥ. ನನ್ನ ಏಸಿಯ ಸುದ್ದಿ ಕೇಳಿ ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ಐಸ್ ಹಾಕುದ್ ಸತ್ತ ಮೀನಿಗೆ. ಜೀವ ಇಪ್ಪರಿಗೆ ಐಸ್ ಎಂತಕ್?"

ನಾನು ರೇಷ್ಮೆಯ ಮೇಲಿನ ಕಲೆ ತೋರಿಸಿ, ಗಿರಾಕಿಗಳ ಬೈಗುಳ ವರ್ಣಿಸಿ, ಕೊನೆಗೆ ಕಣ್ಣೊರೆಸಿಕೊಂಡೆ. ಒರೆಸಿದ್ದು ಬೆವರನ್ನೇ, ಆದರೆ ಅತ್ತೆ ಕರಗಿದರು. ಕರಗಿದರೂ ಒಂದು ಷರತ್ತು ಹಾಕಿದರು. "ಹಾಕ್ಸ್. ಆರೆ ಮನ್ಯಗೆ ಒಬ್ರಿಗೆ ಸೀತ ಆಯ್ತ್ ಅಂದ್ರೂ ಅದನ್ನ ಕೆಳ್ಗ್ ಇಳ್ಸಿ ಗುಲಾಬಿ ಮನಿಗೆ ಕಳ್ಸುದೇ."

ಗುಲಾಬಿ ಎಂದರೆ ಅತ್ತೆಯ ಮಗಳು, ನನ್ನ ನಾದಿನಿ. ಹೆಮ್ಮಾಡಿಯಲ್ಲಿ ಮಾಳಿಗೆ ಮನೆ ಕಟ್ಟಿಸಿ, ಮಾಳಿಗೆಯ ಸೆಕೆಗೆ ಕೆಳಗೇ ಮಲಗುತ್ತಿರುವವಳು. ಅವಳು ಆಗ ಅಲ್ಲೇ ಕೂತಿದ್ದಳು ಎನ್ನುವುದು ನನ್ನ ದುರದೃಷ್ಟ. ಅಂದಿನಿಂದ ನಮ್ಮ ಮನೆಯ ಆರೋಗ್ಯದ ಬಗ್ಗೆ ಅವಳು ತೋರಿಸಿದ ಕಾಳಜಿ ಅಷ್ಟಿಷ್ಟಲ್ಲ. ದಿನಾ ಬೆಳಿಗ್ಗೆ ಫೋನು: "ಅತ್ಗೆ, ಎಲ್ರೂ ಹುಷಾರಿದ್ರ್ಯಾ? ಯಾರಿಗೂ ಸೀತ ಗೀತ ಇಲ್ಲೆ ಅಲ್ದಾ?" ಇಲ್ಲ ಎಂದರೆ ಅವಳ ದನಿ ಸ್ವಲ್ಪ ಇಳಿದಂತೆ ನನಗೆ ಕೇಳುತ್ತಿತ್ತು.

ಏಸಿ ಬಂತು. ಮೊದಲ ದಿನದ ಸುಖವನ್ನು ಹೇಗೆ ಹೇಳಲಿ? ಬಾಗಿಲು ಹಾಕಿ ಗುಂಡಿ ಒತ್ತಿದೆ, ಸ್ವಲ್ಪ ಹೊತ್ತಿನಲ್ಲಿ ಕತ್ತಿನ ಹಿಂದಿನ ಬೆವರು ಆರಿತು. ಲೈನಿಂಗ್ ಬಟ್ಟೆ ಇಟ್ಟಲ್ಲೇ ಇತ್ತು. ನಾನು ಸುಮ್ಮನೆ ಕತ್ತರಿ ಕೆಳಗಿಟ್ಟು ನಕ್ಕೆ. ಅಳತೆ ಕೊಡಲು ಬಂದವರು ಎದ್ದು ಹೋಗುವುದನ್ನೇ ಮರೆತರು. ಒಬ್ಬರಂತೂ ಕುಂದಾಪುರದ ಬಸ್ಸು ಎರಡು ಬಿಟ್ಟು, ತಮ್ಮ ಸೊಸೆಯ ಮೇಲಿನ ದೂರೆಲ್ಲ ಮುಗಿಸಿ, ಮುಗಿದ ಮೇಲೆ ಹೊಗಳಲಿಕ್ಕೂ ಶುರು ಮಾಡಿದರು. ತಂಪು ಮನುಷ್ಯರ ಗುಣವನ್ನು ಎಷ್ಟು ತಿದ್ದುತ್ತದೆ ಎಂದು ಆಗ ತಿಳಿಯಿತು. ಅತ್ತೆ ಮಾತ್ರ ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಜಗಲಿಯಲ್ಲೇ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಇಪ್ಪತ್ತೆರಡು ವರ್ಷದ ಸೆಕೆಯನ್ನು ಒಂದೇ ವಾರದಲ್ಲಿ ತೀರಿಸಿಕೊಳ್ಳುವ ಆಸೆ ನನ್ನದು. ಹದಿನೆಂಟಕ್ಕೆ ಇಟ್ಟೆ. ಕತ್ತರಿಸುವ ಮೇಜನ್ನು ಎಳೆದು ಸರಿಯಾಗಿ ಏಸಿಯ ಬಾಯಿಯ ಕೆಳಗೇ ಹಾಕಿಕೊಂಡೆ. ನಡುನಡುವೆ ಒಲೆಯ ಮೇಲಿನ ಮೀನು ಸಾರು ತಿರುವಲು ಓಡುವುದು, ಬೆವರಿಕೊಂಡು ಬಂದು ಮತ್ತೆ ತಂಪಿಗೆ ಕುತ್ತಿಗೆ ಒಡ್ಡುವುದು, ಬಟ್ಟೆ ಕೊಡಲು ಜಗಲಿಗೆ ಹೋಗುವುದು, ಮತ್ತೆ ಒಳಗೆ. ಒಂಬತ್ತನೇ ದಿನ ಕುತ್ತಿಗೆ ಹಿಡಿಯಿತು. ಹತ್ತನೇ ದಿನ ಸೀನಿದೆ.

ಸೀನಿದ ಕೂಡಲೇ ಕಣ್ಣ ಮುಂದೆ ಹೆಮ್ಮಾಡಿಯ ಮಾಳಿಗೆಯೇ ಬಂದು ನಿಂತಿತು. ಅಲ್ಲಿಂದ ಮುಂದಿನ ಎರಡು ವಾರ ನಾನು ಬದುಕಿದ ಬದುಕು ಯಾವ ಕಳ್ಳನಿಗೂ ಬೇಡ. ಕುತ್ತಿಗೆ ತಿರುಗುತ್ತಿರಲಿಲ್ಲವಾದ್ದರಿಂದ ಯಾರಾದರೂ ಕರೆದರೆ, ಕಿರೀಟ ಕಟ್ಟಿದ ಯಕ್ಷಗಾನದ ವೇಷದ ಹಾಗೆ ಇಡೀ ದೇಹವನ್ನೇ ತಿರುಗಿಸುತ್ತಿದ್ದೆ. ಸೀನು ಬರುವ ಸೂಚನೆ ಸಿಕ್ಕಿದ ತಕ್ಷಣ ಮಷಿನಿನ ಮೋಟರು ಒತ್ತಿ ಆ ಸದ್ದಿನಲ್ಲಿ ಸೀನುತ್ತಿದ್ದೆ. ಆ ದಿನಗಳಲ್ಲಿ ನಾನು ಹೊಲಿದ ರವಿಕೆಗಳಲ್ಲಿ ಬೇಡದ ಜಾಗದಲ್ಲಿ ಎರಡೆರಡು ಸಾಲು ಹೊಲಿಗೆ ಇದ್ದರೆ, ಉಟ್ಟುಕೊಂಡವರು ದಯವಿಟ್ಟು ಕ್ಷಮಿಸಬೇಕು. ಮಷಿನಿನಿಂದ ದೂರ ಇದ್ದಾಗ ಸೀನು ಬಂದರೆ, "ಮೆಣಸಿನ ಘಾಟ್ ಅತ್ತೆ" ಎನ್ನುವುದು. ಘಾಟಿಗೆ ಸಾಕ್ಷಿ ಬೇಕಲ್ಲ? ಅದಕ್ಕೆ ದಿನವೂ ನಿಜವಾಗಿ ಮೆಣಸು ಹುರಿದೆ. ಹುರಿದದ್ದನ್ನು ಬಿಸಾಡಲಾಗುತ್ತದೆಯೇ? ಮಸಾಲೆ ಪುಡಿ ಮಾಡಿದೆ. ಭರಣಿ ತುಂಬಿತು, ಹಾರ್ಲಿಕ್ಸು ಬಾಟಲಿ ತುಂಬಿತು, ಉಪ್ಪಿನಕಾಯಿಯ ಜಾಡಿಯೂ ತುಂಬಿತು. ಒಂದು ದಿನ ಅತ್ತೆ ಎಲೆ ಮಡಿಸುತ್ತ, "ಈ ವರ್ಷ ಮೆಣಸಿನ ಖಾರ ಜೋರ್ ಇತ್ತ್ ಕಾಂತ್" ಎಂದರು. ನಾನು ಹೌದು ಹೌದು ಎಂದೆ.

ಕೊನೆಗೆ ಲೈನಿಂಗ್ ಬಟ್ಟೆ ತರುತ್ತೇನೆಂದು ಹೇಳಿ ಕುಂದಾಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ನನ್ನ ಕತೆಯನ್ನೆಲ್ಲ ಕೇಳಿ, "ಏಸಿಯದ್ದು ತಪ್ಪಲ್ಲಮ್ಮ, ತಪ್ಪು ನಿಮ್ಮದು" ಎಂದರು. ಗಾಳಿ ನೇರ ಕುತ್ತಿಗೆಗೆ ಬಡಿಯಬಾರದಂತೆ, ಬೆವರು ಒರೆಸಿಕೊಂಡೇ ಒಳಗೆ ಹೋಗಬೇಕಂತೆ, ಇಪ್ಪತ್ತಾರಕ್ಕೆ ಇಟ್ಟರೆ ಧಾರಾಳ ಸಾಕಂತೆ, ಬಾಯಾರದಿದ್ದರೂ ನೀರು ಕುಡಿಯಬೇಕಂತೆ. "ಫಿಲ್ಟರ್ ತೊಳೆದಿದ್ದೀರಾ?" ಎಂದು ಕೇಳಿದರು. ಏಸಿ ಹೊಸತಲ್ಲವೇ, ಯಾಕೆ ತೊಳೆಯಬೇಕು ಎಂದೆ. ಹೊಲಿಗೆ ಕೋಣೆಯ ನೂಲು, ಬಟ್ಟೆಯ ಧೂಳೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ತಿರುಗಿ ಕೇಳಿದರು. ಯೋಚನೆ ಮಾಡಬೇಕಾದ ಪ್ರಶ್ನೆ. ಯೋಚನೆ ಮಾಡಿದೆ, ತೊಳೆಯಲು ಮಾತ್ರ ಧೈರ್ಯ ಬರಲಿಲ್ಲ. ಎಲ್ಲಿ ಬಿಚ್ಚುವುದು, ಏನು ಮುರಿಯುತ್ತದೋ ಯಾರಿಗೆ ಗೊತ್ತು?

ಅದರ ಮೂರನೇ ದಿನವೇ ಏಸಿಯಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಕೆಳಗಿನ ಮೇಜಿನ ಮೇಲೆ ಬಾರ್ಕೂರಿನ ಮದುಮಗಳ ಧಾರೆ ಸೀರೆಯ ರವಿಕೆ. ನಾನು ಕೂಗಿಕೊಂಡು ರವಿಕೆಯನ್ನು ಎದೆಗೆ ಅವಚಿಕೊಂಡೆ. ರಿಪೇರಿಯವನಿಗೆ ಫೋನು ಮಾಡಿದರೆ, "ಈಗ ಬತ್ತೆ" ಎಂದ. ನಮ್ಮಲ್ಲಿ 'ಈಗ ಬತ್ತೆ' ಎಂದರೆ ಈ ವಾರದಲ್ಲಿ ಎಂದು ಅರ್ಥ. ನನ್ನ ಕೂಗು ಕೇಳಿ ಅತ್ತೆ ಎದ್ದು ಬಂದರು. ಹೊಸ್ತಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಏಸಿಯನ್ನು ಬಂಗುಡೆ ನೋಡಿದಂತೆ ನೋಡಿದರು.

"ಹೆಣೆ, ಅದ್ರ ಕಿವಿರ್ ಎತ್ತ್ ಕಾಂಬ" ಎಂದರು.

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವುದು ಗೊತ್ತು. ಏಸಿಗೆಲ್ಲಿಯ ಕಿವಿರು? ಅತ್ತೆ ಬೆರಳು ತೋರಿಸಿದಲ್ಲಿ, ಸ್ಟೂಲು ಹತ್ತಿ, ಮುಂದಿನ ಮುಚ್ಚಳವನ್ನು ಎರಡೂ ಕಡೆಯಿಂದ ಎತ್ತಿದೆ. ಎದ್ದು ಬಂತು. ಒಳಗಿನ ಜಾಲರಿಯ ಮೇಲೆ ಈ ಸೀಸನ್ನಿನ ಮದುವೆಗಳೆಲ್ಲ ಕೂತಿದ್ದವು. ಕೆಂಪು, ಹಸಿರು, ಜರಿಯ ಚಿನ್ನದ ಬಣ್ಣ, ಎಲ್ಲ ಸೇರಿ ದಪ್ಪ ಕಂಬಳಿಯಾಗಿತ್ತು. "ಕಾಣ್, ಉಸ್ರ್ ಕಟ್ಟಿತ್ ಅದ್ಕ್. ಉಸ್ರಾಡುಕಾತ್ತಿಲ್ಲೆ ಅಂದ್ರೆ ಅದಾರೂ ಎಂತ ಮಾಡತ್ತ್?" ಎಂದರು ಅತ್ತೆ, ಮಗುವಿನ ಪರ ವಹಿಸಿದವರಂತೆ. ನಲ್ಲಿಯಡಿ ಹಿಡಿದು ತೊಳೆದು, ನೆರಳಲ್ಲಿ ಒಣಗಿಸಿ, ತಿರುಗಿ ಹಾಕಿದೆ. ಸಂಜೆಯೊಳಗೆ ನೀರು ನಿಂತಿತು. ನಾಲ್ಕು ದಿನ ಕಳೆದು ರಿಪೇರಿಯವನು ಬಂದು, ಮಾಡಲು ಏನೂ ಇಲ್ಲದೆ, ಒಂದು ಬೊಂಡ ಎಳನೀರು ಕುಡಿದು ಹೋದ.

ಎಲ್ಲ ಸರಿಯಾದ ಮೇಲೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಆ ಕೋಣೆಗೆ ಕಾಲೇ ಇಡದ ಅತ್ತೆಗೆ, ಏಸಿಯ ಮುಚ್ಚಳ ಎಲ್ಲಿ ಏಳುತ್ತದೆಂದು ತಿಳಿದದ್ದು ಹೇಗೆ? ಹುಡುಕುತ್ತ ಹೋದೆ. ರಿಮೋಟಿನ ಗುಂಡಿಯ ಮೇಲೆ ಸುಣ್ಣದ ಬೆರಳಿನ ಗುರುತಿತ್ತು. ನಾನು ಕುಂದಾಪುರಕ್ಕೆ ಹೋಗುವಾಗ ಹದಿನೆಂಟರಲ್ಲಿ ನಿಲ್ಲಿಸಿ ಹೋದದ್ದು, ಬರುವಾಗ ಇಪ್ಪತ್ತಾರಾಗಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಅತ್ತೆಯ ಬೆನ್ನು. ಪ್ರತಿ ಬೇಸಿಗೆಯಲ್ಲಿ ಅವರ ಬೆನ್ನು ತುಂಬ ಬೆವರುಸಾಲೆ ಎದ್ದು, ದಿನಕ್ಕೆ ಮೂರು ಸಲ ನನ್ನಿಂದ ಪೌಡರು ಹಾಕಿಸಿಕೊಳ್ಳುತ್ತಿದ್ದರು. ಈ ವರ್ಷ ಪೌಡರಿನ ಡಬ್ಬಿ ಮುಟ್ಟಿಯೇ ಇರಲಿಲ್ಲ. ನಾನು ಹೊರಗೆ ಕಾಲಿಟ್ಟಾಗಲೆಲ್ಲ ಅತ್ತೆ ಒಳಗೆ ಹೋಗಿ, ಏಸಿ ಹಾಕಿಕೊಂಡು, ಮಲಗಿ ಅದರ ಮುಖವನ್ನೇ ನೋಡುತ್ತಿದ್ದಿರಬೇಕು. ಡಾಕ್ಟರು ಓದಿ ಕಲಿತ ಇಪ್ಪತ್ತಾರನ್ನು ಅವರು ಬೆನ್ನಿನಿಂದಲೇ ಕಂಡುಹಿಡಿದಿದ್ದರು. ನಾನು ಶೀತ ಮುಚ್ಚಿಡುತ್ತಿದ್ದೆ, ಅವರು ಸುಖ ಮುಚ್ಚಿಡುತ್ತಿದ್ದರು. ಒಂದೇ ಮನೆಯ ಇಬ್ಬರು ಕಳ್ಳರು ಒಬ್ಬರನ್ನೊಬ್ಬರು ಹಿಡಿದುಕೊಡುವುದು ಸರಿಯಲ್ಲವೆಂದು ನಾನು ಸುಮ್ಮನಾದೆ.

ಅದರ ಮುಂದಿನ ಭಾನುವಾರ ಗುಲಾಬಿ ಬಂದಳು. "ಸುಮ್ನೆ ಈ ಬದಿಗ್ ಬಂದದ್ದ್" ಎಂದಳು. ಸುಮ್ಮನೆ ಬಂದವಳ ಪಿಕಪ್ಪು ಗಾಡಿಯಲ್ಲಿ ಹಗ್ಗವೂ ಹಳೆಯ ಕಂಬಳಿಯೂ ಇದ್ದವು. ಜಗಲಿಯಲ್ಲಿ ಕೂತು ನನ್ನ ಮೂಗನ್ನೇ ನೋಡುತ್ತ ಅದೂ ಇದೂ ಮಾತಾಡಿದಳು. ನನಗೆ ಶೀತ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಉಸಿರು ಬಿಗಿಹಿಡಿದೆ, ನಾಲಗೆ ಕಚ್ಚಿದೆ, ಕಡಲ ದೇವತೆಗಳಿಗೆಲ್ಲ ಹರಕೆ ಹೊತ್ತೆ. ಏನು ಮಾಡಿದರೂ ಬರುವುದು ಬಂದೇ ಬಂತು. ಒಂದಲ್ಲ, ಮೂರು ಸೀನು. ಅಂಗಳದ ಕೋಳಿಗಳು ಓಡಿಹೋದವು.

"ಅತ್ಗೆ! ಸೀತ ಅಲ್ದಾ ಅದ್?" ಗುಲಾಬಿ ಎದ್ದೇ ನಿಂತಳು. ಮಷಿನು ದೂರ ಇತ್ತು. ಅಂದು ಮೆಣಸೂ ಹುರಿದಿರಲಿಲ್ಲ. ನನ್ನ ಕತೆ ಮುಗಿಯಿತು ಎಂದುಕೊಂಡೆ.

ಅತ್ತೆ ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿದರು. "ಸೀತ ಎಲ್ಲಿತ್? ಮೆಣಸಿನ ಘಾಟ್ ಅದ್."

"ಎಲ್ಲಿ ಅಮ್ಮ ಮೆಣಸ್? ಒಲಿ ಹೊತ್ತ್ಸಲೇ ಇಲ್ಲೆ!"

"ನಿನ್ನೆ ಹುರ್ದದ್" ಎಂದರು ಅತ್ತೆ, ಎಲೆ ಬಾಯಿಗಿಟ್ಟರು.

ಬಾಯಲ್ಲಿ ಎಲೆ ಇದ್ದಾಗ ಅತ್ತೆಯನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ನನಗೆ ಕಣ್ಣು ತುಂಬಿ ಬಂತು, ಈ ಸಲ ಬೆವರಲ್ಲ. ಈ ಮನೆಗೆ ಬಂದು ಇಷ್ಟು ವರ್ಷಕ್ಕೆ ಅತ್ತೆ ನನಗಾಗಿ ಹೇಳಿದ ಮೊದಲ ಸುಳ್ಳು ಅದು. ಅರ್ಧ ತಮಗಾಗಿಯೂ ಇರಬಹುದು, ಇರಲಿ. ಗುಲಾಬಿಯನ್ನು ಬರಿಗೈಯಲ್ಲಿ ಕಳಿಸಲು ನನಗೂ ಮನಸ್ಸಾಗಲಿಲ್ಲ. ಏಸಿ ಇರಬೇಕಾದ ಜಾಗದಲ್ಲಿ, ಆ ಕಂಬಳಿಯಲ್ಲೇ ಸುತ್ತಿ, ಎರಡು ಬಾಟಲಿ ಮಸಾಲೆ ಪುಡಿ ಇಟ್ಟು ಕಳಿಸಿದೆ.

ಹೀಗೆ ನಾನು ಗೆದ್ದೆ. ಏಸಿ ಇನ್ನು ಈ ಮನೆ ಬಿಟ್ಟು ಕದಲುವುದಿಲ್ಲ. ಅತ್ತೆ ಈಗ ಮುಚ್ಚುಮರೆ ಇಲ್ಲದೆ ಅಲ್ಲೇ ಇರುತ್ತಾರೆ. ರಿಮೋಟು ಅವರ ಎಲೆಚೀಲದಲ್ಲಿರುತ್ತದೆ. ಶನಿವಾರ ಶನಿವಾರ ನನ್ನನ್ನು ಸ್ಟೂಲು ಹತ್ತಿಸಿ ಕಿವಿರು ತೊಳೆಸುತ್ತಾರೆ. ಸುದ್ದಿ ಹಬ್ಬಿ, ಅವರ ಜೊತೆ ಮೀನು ಮಾರುತ್ತಿದ್ದ ಗೆಳತಿಯರು ನಾಲ್ವರು ಬೆಳಗಿನ ವ್ಯಾಪಾರ ಮುಗಿಸಿ ಬಂದು, ಚಾಪೆ ಹಾಸಿ ಸಾಲಾಗಿ ಮಲಗುತ್ತಾರೆ. ಮಷಿನಿನ ಸದ್ದಿಗೆ ಅವರಿಗೆ "ಒರ್ಕ್ ಬತ್ತಿಲ್ಲೆ" ಅಂತೆ, ನಿದ್ದೆ ಹತ್ತುವುದಿಲ್ಲವಂತೆ. ಹಾಗಾಗಿ ಮಷಿನೂ ನಾನೂ ಸದ್ಯ ಜಗಲಿಯಲ್ಲಿದ್ದೇವೆ. ನನ್ನ ಶೀತ ಪೂರ್ತಿ ಗುಣವಾಗಿದೆ, ಆಗದೆ ಏನು, ನಾನು ಒಳಗೆ ಕೂರದೆ ಎರಡು ವಾರ ಆಯಿತು. ಲೈನಿಂಗ್ ಹಾರುತ್ತದೆಂದು ಜಗಲಿಯ ಫ್ಯಾನು ಹಾಕಿಲ್ಲ, ಹಣೆಗೆ ಬೈರಾಸು ಕಟ್ಟಿಕೊಂಡಿದ್ದೇನೆ. ಈಗಷ್ಟೇ ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಎಂತ ಜಲಜಾ, ತಲಿನೋವಾ?" ಎಂದು ಕೇಳಿದರು.

"ಇಲ್ಲೆ ಮಾರಾಯ್ತಿ" ಎಂದೆ, ತಲೆಯೆತ್ತಿ, ಹೆಮ್ಮೆಯಿಂದ. "ನಮ್ಮನ್ಯಗೆ ಏಸಿ ಇತ್ತ್."