ದೂರು ಪೆಟ್ಟಿಗೆಯ ಅಳಿಲು

ಹಿಡಕಲ್ ಹಿನ್ನೀರಿನ ದಂಡೆಯ ಊರೊಂದರಲ್ಲಿ ಪಂಚಾಯಿತಿ ಗುಮಾಸ್ತನಾಗಿದ್ದ ಬಾಳೇಶನಿಗೆ ಆ ಶುಕ್ರವಾರ ಒದಗಿದ ಕಷ್ಟಗಳಿಗೆಲ್ಲ ಮೂಲ ಒಂದು ಖಾಲಿ ಪುಸ್ತಕ. ಊರ ಸೀಮೆಯಲ್ಲಿರುವ ಕಾಡುಜೀವಿಗಳನ್ನೆಲ್ಲ, ಕಂಡವರ ಹೆಸರಿನ ಸಮೇತ, ಅದರಲ್ಲಿ ದಾಖಲಿಸಬೇಕಿತ್ತು. ಎಂಟು ತಿಂಗಳಿಂದ ಬಾಳೇಶ ಅದರ ಮೇಲೆ ಚಹಾದ ಕಪ್ಪು ಇಡುತ್ತ ಬಂದಿದ್ದ. ಈಗ, ಮೂರು ವರ್ಷ ಕಾದ ಮೇಲೆ, ಅವನಿಗೆ ಗೋಕಾಕಕ್ಕೆ ವರ್ಗವಾಗಿತ್ತು. ಪುಸ್ತಕ ತುಂಬಿದರೆ ಮಾತ್ರ ಬಿಡುಗಡೆ. ತಪಾಸಣೆಗೆ ತಾಲೂಕು ಕಚೇರಿಯ ಅರ್ಚನಾ ಮೇಡಂ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು.

ಗೋಕಾಕದಿಂದ ಹೆಂಡತಿ ನೇತ್ರಾ ಫೋನಿನಲ್ಲಿ ಕೇಳಿದಳು: "ಐದರ ಬಸ್ಸಿಗೆ ಬರ್ತೀರಿಲ್ಲೋ? ಎಣ್ಣಿಗಾಯಿ ಮಾಡಾಕತ್ತೇನಿ."

"ಬಂದೆ ಅಂತ ತಿಳಕೋ," ಎಂದ ಬಾಳೇಶ, ತಲೆಯ ಮೇಲೆ ಛತ್ರಿ ಹಿಡಿದುಕೊಂಡೇ. ಹಳೆಯ ಹಂಚಿನ ಆ ಕಚೇರಿಯಲ್ಲಿ ಮಳೆಯಿಲ್ಲದಿದ್ದರೂ ಛತ್ರಿ ಬೇಕಾಗುತ್ತಿತ್ತು. ಮಾಡಿನಿಂದ ಏನಾದರೊಂದು ಬೀಳುತ್ತಲೇ ಇರುತ್ತಿತ್ತು.

ಕಸಗುಡಿಸುತ್ತಿದ್ದ ಚನ್ನವ್ವನನ್ನು ಕೇಳಿದ: "ಚನ್ನವ್ವಾ, ನಮ್ಮೂರಾಗ ಹುಲಿ ಐತೇನು?"

"ಇಲ್ರಿ."

"ಆನಿ?"

"ಸರ್ಕಸ್ಸಿನ್ಯಾಗ ಬಂದಿತ್ರಿ. ಹೋತು."

ಬಾಳೇಶ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಹೊರಟ. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಮಾಲಿಂಗಪ್ಪಜ್ಜ ಸಿಕ್ಕ.

"ಅಜ್ಜಾ, ನಿಮ್ಮ ಮರಿ ಹೊತ್ಕೊಂಡು ಹೋಗೂದು ಯಾವ ಪ್ರಾಣಿ?"

"ಅದರ ಹೆಸರು ಹೇಳಂಗಿಲ್ಲೋ ತಮ್ಮಾ. ಹೇಳಿದ್ರ ಕರದಂಗ."

"ನೀವು ಹೇಳಬ್ಯಾಡ್ರಿ. ತೋಳ ಅಂತ ನಾನ ಬರ್ಕೋತೀನಿ."

ಅಜ್ಜ ಕಂಬಳಿ ಕೊಡವಿ ಎದ್ದುನಿಂತ. ಕರೆದವನೇ ಅದನ್ನು ಹಿಂದಕ್ಕೆ ಕಳಿಸಬೇಕೆಂಬುದು ಅವರ ಹಟ್ಟಿಯ ಕಟ್ಟಳೆ. ಆದಕಾರಣ ಬಾಳೇಶ ಒಂದು ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಹಿಂಡಿನ ಸುತ್ತ ಮೂರು ಸುತ್ತು ಹಾಕಬೇಕಾಯಿತು. ಎರಡನೆಯ ಸುತ್ತಿನಲ್ಲಿ ಮರಿ ಅವನ ಅಂಗಿಯನ್ನು ತೋಯಿಸಿತು. ಬರೆದ ಹಾಳೆಯನ್ನು ಅಜ್ಜನೇ ಹರಿದು, ಮಡಿಸಿ, ರುಮಾಲಿನೊಳಗೆ ಸಿಕ್ಕಿಸಿಕೊಂಡ.

ಕಾಶೆವ್ವನ ಕಬ್ಬಿನ ಹೊಲದಲ್ಲಿ ಆಳೆತ್ತರದ ಹುತ್ತವಿತ್ತು.

"ಇದರಾಗಿನ ನಾಗರಹಾವು ನೋಡೀರೇನ್ರಿ, ಕಾಕಿ?"

"ನೋಡದ ಏನು, ನಮ್ಮ ಮನಿದೇವ್ರು."

"ಹಂಗಾರ ಪ್ರಾಣಿಗಳ ಯಾದಿಯಾಗ ಬರ್ಕೋತೀನ್ರಿ."

"ದೇವ್ರನ್ನ ಇಲಿ, ಹೆಗ್ಗಣದ ಸಾಲಿನ್ಯಾಗ ಕುಂದ್ರಸ್ತಿ? ನಿಮ್ಮಪ್ಪನ ಹೆಸರು ಅದರ ಮಗ್ಗಲಕ ಬರಿ, ನೋಡೂಣು."

ಬಾಳೇಶ ಹುತ್ತಕ್ಕೆ ಐದು ಸಲ ಅಡ್ಡಬಿದ್ದು, ಹಣೆಗೆ ಮಣ್ಣು ಮೆತ್ತಿಕೊಂಡು ಮುಂದೆ ನಡೆದ.

ಬಾಜೂ ಹೊಲದ ಈಶ್ವರನ ಬದುವಿನ ಮೇಲೆ ನವಿಲೊಂದು ಗರಿಬಿಚ್ಚಿ, ಲಗ್ನದ ಪೆಂಡಾಲಿನಂತೆ ನಿಂತಿತ್ತು. ಬರೆದರೆ ಅರಣ್ಯದವರು ಬಂದು ಹೊಲಕ್ಕೆ ಬೇಲಿ ಹಾಕುತ್ತಾರೆಂಬ ಅಂಜಿಕೆ ಈಶ್ವರನಿಗೆ.

"ಅದು ನವಿಲಲ್ರಿ, ಕೋಳಿ," ಎಂದ.

"ಬಾಲ ಅಷ್ಟ ಉದ್ದ ಐತೆಲ್ಲೋ?"

"ಜ್ವಾಳ ಚೊಲೋ ತಿಂದೈತ್ರಿ."

ಮೂರಕ್ಕೆ ಸರಿಯಾಗಿ ಅರ್ಚನಾ ಮೇಡಂ ಕಚೇರಿಯಲ್ಲಿ ಕುಳಿತು ಪುಸ್ತಕ ತೆರೆದರು. ಹಾಳೆ ಹಾಲಿನಷ್ಟು ಬಿಳುಪಾಗಿತ್ತು. ಬಾಳೇಶನ ಕಣ್ಣೆದುರು ಐದರ ಬಸ್ಸು ಎಣ್ಣಿಗಾಯಿಯ ಸಮೇತ ದೂರವಾಗತೊಡಗಿತು. ಅಷ್ಟರಲ್ಲಿ ಮೇಲಿನಿಂದ ಏನೋ ಹಾಳೆಯ ನಟ್ಟನಡುವೆ ಪಟ್ಟನೆ ಬಿತ್ತು.

ಮೇಡಂ ಅದನ್ನು ದಿಟ್ಟಿಸಿ ನೋಡಿ, ಬಳಿಕ ಮಾಡನ್ನು ನೋಡಿ, "ಬಾವಲಿ," ಎಂದು ಮೊದಲ ಸಾಲಿನಲ್ಲಿ ಬರೆದರು.

ಆಮೇಲೆ ಅವರು ಕುಳಿತುಕೊಳ್ಳಲಿಲ್ಲ. ಅಟ್ಟದಲ್ಲಿ ಗೂಗೆ ಸಿಕ್ಕಿತು. ಹಳೆಯ ಕಡತಗಳ ಹಿಂದೆ ಉಡ, ನೀರಿನ ಹರವಿಯ ಕೆಳಗೆ ಕಪ್ಪೆ, ಕೆಟ್ಟ ಫ್ಯಾನಿನ ಬಟ್ಟಲಲ್ಲಿ ಗುಬ್ಬಿ. ಈ ಕತೆ ಹೇಳುವಾಗ ಬಾವಲಿಗಳು ಏಳೆಂದು ಕಲ್ಲೋಳಿಯವರು ಹೇಳುತ್ತಾರೆ, ಹನ್ನೊಂದೆಂದು ಮೂಡಲಗಿಯವರು. ದೂರು ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಮೂರು ವರ್ಷದಿಂದ ಯಾರೂ ತೆರೆಯದ ಆ ಪೆಟ್ಟಿಗೆಯೊಳಗೆ ಅಳಿಲೊಂದು ಊರವರ ದೂರುಗಳನ್ನೆಲ್ಲ ಚೂರುಮಾಡಿ, ಮರಿಗಳಿಗೆ ಮೆತ್ತಗಿನ ಹಾಸಿಗೆ ಹಾಸಿತ್ತು.

"ಇಪ್ಪತ್ತಮೂರು ಜಾತಿ ಜೀವಿ, ಒಂದ ಛಾವಣಿ ಕೆಳಗ," ಎಂದರು ಮೇಡಂ, ಮುಖವರಳಿಸಿ. "ಹೆಂಗ ಜ್ವಾಕಿ ಮಾಡೀರಿ ಇವನ್ನ?"

"ಛತ್ರಿ ಹಿಡ್ಕೊಂಡ ಕೆಲಸಾ ಮಾಡ್ತಾರ್ರಿ ನಮ್ಮ ಸಾಹೇಬ್ರು," ಎಂದಳು ಚನ್ನವ್ವ. "ಒಂದನ್ನೂ ಓಡಿಸಿಲ್ಲ."

ಬಿಡುಗಡೆ ಕೈಗೆ ಬಂದೇಬಿಟ್ಟಿತೆಂಬ ಹಿಗ್ಗಿನಲ್ಲಿ ಬಾಳೇಶ ಎದೆಯ ಮೇಲೆ ಕೈಯಿಟ್ಟು ನುಡಿದ: "ನನ್ನ ಮಕ್ಕಳಿದ್ದಂಗ್ರಿ, ಮೇಡಂ. ನನ್ನ ಬಿಟ್ಟು ಒಂದ ದಿನಾ ಇರಂಗಿಲ್ಲ."

ಮೇಡಂ ಮೆಚ್ಚಿ ತಲೆದೂಗಿ, ಹೊರಗೆ ಹೋಗಿ ಮೇಲಿನವರೊಡನೆ ಫೋನಿನಲ್ಲಿ ಮಾತಾಡಿ ಬಂದು, ಷರಾ ಕಾಲಮಿನಲ್ಲಿ ದುಂಡಗೆ ಬರೆದು ಮೊಹರು ಒತ್ತಿದರು:

'ಸದರಿ ಜೀವಿಗಳೆಲ್ಲ ಗುಮಾಸ್ತರಿಗೆ ಹೊಂದಿಕೊಂಡಿವೆ. ಅವುಗಳ ಹಿತದೃಷ್ಟಿಯಿಂದ ಗುಮಾಸ್ತರ ವರ್ಗಾವಣೆಯನ್ನು ಐದು ವರ್ಷ ತಡೆಹಿಡಿಯಲಾಗಿದೆ.'

ಐದರ ಬಸ್ಸು ಹಾರನ್ ಬಾರಿಸುತ್ತ ಕಚೇರಿಯ ಮುಂದೆ ಹಾದುಹೋಯಿತು. ನೇತ್ರಾಳ ಫೋನು ಬಂತು.

"ಬಸ್ ಹತ್ತೀರೇನು?"

"ಇಲ್ಲ. ಎಣ್ಣಿಗಾಯಿ ಡಬ್ಬಿಗೆ ಹಾಕಿ ಕಂಡಕ್ಟರನ ಕೈಯಾಗ ಕಳಸು."

"ಅಲ್ಲೇ ಉಳಿತೀರೇನು? ಎಷ್ಟು ಮಂದಿಗೆ ಕಳಸ್ಲಿ?"

ಬಾಳೇಶ ಛತ್ರಿ ಬಿಚ್ಚಿ ಮಾಡಿನತ್ತ ನೋಡಿದ. ಮಾಡಿನಿಂದಲೂ ಹಲವು ಕಣ್ಣುಗಳು ಅವನನ್ನು ನೋಡಿದವು.

"ಇಪ್ಪತ್ನಾಕ ಮಂದಿಗೆ," ಎಂದ.