ಕೋತಿಗಳ ದಾಯಾದಿ

ನಮ್ಮ ಸೋದರಮಾವನನ್ನು ಯಾರಾದರೂ ಕೋತಿ ಎಂದು ಬೈದರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಸಂಬಂಧ ಸರಿಯಾಗಿ ಹೇಳಲಿಲ್ಲವಲ್ಲ ಎಂದು ಬೇಸರವಾಗುತ್ತಿತ್ತು! ಬಳ್ಳಾರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಅವನ ಪ್ರಕಾರ ಕೋತಿ ನಮ್ಮ ಅಜ್ಜ ಅಲ್ಲ, ದಾಯಾದಿ. ಇಬ್ಬರಿಗೂ ಮೂಲಪುರುಷ ಒಬ್ಬನೇ, ಆಮೇಲೆ ಮನೆ ಬೇರೆಯಾಯಿತು. ಹಾಗಾದರೆ ಆಸ್ತಿಯಲ್ಲಿ ಪಾಲು ಕೇಳುವುದಿಲ್ಲವೇ ಎಂದು ನಮ್ಮಪ್ಪ ಕೆಣಕಿದರು. ಮಾವ ಮಾಳಿಗೆಯ ಕಡೆ ಕೈ ತೋರಿಸಿದ. ಅಲ್ಲಿ ಒಣಹಾಕಿದ್ದ ಸಂಡಿಗೆಯನ್ನು ಎರಡು ಕೋತಿಗಳು ಬಾಚಿಕೊಳ್ಳುತ್ತಿದ್ದವು.

"ಕೇಳೂದಿಲ್ಲ ಭಾವ, ತಗೊಂಡ ಹೋಗ್ತಾವ."

ಗಾಂಧಿನಗರದ ಅವನ ಮನೆಗೆ ಊಟಕ್ಕೆ ಹೋದರೆ ತಟ್ಟೆಯೂ ಪಾಠವೇ. ಬದನೆಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬದವು. ಹೂವು ನೋಡಿದರೆ ಗೊತ್ತಾಗುತ್ತದೆ ಎನ್ನುತ್ತಿದ್ದ. ಬಡಿಸುತ್ತಿದ್ದ ಅಜ್ಜಿ ಸೌಟು ಹಿಡಿದು ಯೋಚಿಸಿದಳು.

"ಹಂಗಾದ್ರ ಬದನಿಕಾಯಿ ಆಲೂಗಡ್ಡಿ ಕೂಡಿಸಿ ಪಲ್ಯ ಮಾಡಂಗಿಲ್ಲ. ಸಗೋತ್ರ ಆತಲ್ಲ!"

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಕೊಟ್ಟರು ನೋಡಿ, ಕುರುಗೋಡಿನವರು! ಹುಡುಗಿಯನ್ನು ಏನಾದರೂ ಕೇಳಪ್ಪ ಎಂದು ಹಿರಿಯರು ಹೇಳಿದಾಗ, ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಬೇಕಲ್ಲವೇ? ಇವನು ಕೇಳಿದ್ದು, ಬಾವಲಿ ಹಕ್ಕಿಯೋ ಪ್ರಾಣಿಯೋ ಎಂದು. ನಮ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹುಡುಗಿ ಮಾತ್ರ ತಲೆ ಎತ್ತಿ, ಅದು ಮರಿಗೆ ಹಾಲು ಕುಡಿಸುವುದನ್ನು ಹಿತ್ತಲಿನ ಹುಣಸೆಮರದಲ್ಲಿ ನಾನೇ ನೋಡಿದ್ದೇನೆ, ಹಕ್ಕಿ ಹೇಗಾದೀತು ಎಂದಳು. ಮಾವ ಯಾರನ್ನೂ ಕೇಳದೆ ಎದ್ದು ನಿಂತು ಸಂಬಂಧ ಗಟ್ಟಿ ಎಂದು ಸಾರಿಬಿಟ್ಟ. ಜಾತಕ ಆಮೇಲೆ ಕೂಡಿಸಿದರು.

ಇವನನ್ನು ನೆನೆದು ನಾವು ನಗದ ಹಬ್ಬವಿಲ್ಲ. ಆದರೆ ನಮ್ಮಕ್ಕನನ್ನು ನೋಡಲು ಸಿರುಗುಪ್ಪದಿಂದ ಬೀಗರು ಬಂದ ದಿನ ಯಾರೂ ನಗಲಿಲ್ಲ. ಅಕ್ಕನ ಎಡಗಾಲಿನ ಎರಡು ಬೆರಳು, ಹೆಬ್ಬೆರಳಿನ ಪಕ್ಕದವು, ಹುಟ್ಟಿನಿಂದಲೇ ಚರ್ಮದಿಂದ ಕೂಡಿಕೊಂಡಿದ್ದವು. ನಮಸ್ಕಾರ ಮಾಡಲು ಬಗ್ಗಿದಾಗ ಹುಡುಗನ ತಾಯಿ ಅದನ್ನು ಕಂಡರು. ತಿನ್ನುತ್ತಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಮಾವ ಮೆಲ್ಲಗೆ ಶುರು ಮಾಡಿದ. "ಹೊಟ್ಟ್ಯಾಗ ಇದ್ದಾಗ ನನ್ನ ಬೆರಳು, ನಿಮ್ಮ ಬೆರಳು ಎಲ್ಲಾ ಹಿಂಗ ಕೂಡೇ ಇದ್ವುರಿ. ಆಮ್ಯಾಲೆ ಬಿಟ್ಟುವು. ಇಕಿವು ಎರಡು ಬಿಡಲಿಲ್ಲ. ಅಷ್ಟ."

ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು. ಆ ತಾಯಿಯೂ ನೋಡಿಕೊಂಡರು.

"ಅದು ಖರೇ ಇರಬಹುದ್ರಿ. ಕಾಲುಂಗುರ ಎಲ್ಲಿ ಇಡೂದು?"

ಮಾವ ಅಕ್ಕನ ಬೆರಳುಗಳನ್ನೇ ನೋಡಿದ. ಬೀಗರು ಹೇಳಿ ಕಳಿಸುತ್ತೇವೆ ಎಂದು ಬಸ್ಸು ಹಿಡಿದರು. ಅಕ್ಕ ಅಂದಿನಿಂದ ಕಾಲನ್ನು ಸೀರೆಯೊಳಗೆ ಮುಚ್ಚಿಕೊಂಡೇ ಕೂರತೊಡಗಿದಳು.

ಮರುದಿನ ಮಾವ ಕಾಲೇಜಿಗೆ ಹೋಗಲಿಲ್ಲ. ದಾರದಲ್ಲಿ ಅಕ್ಕನ ಬೆರಳಿನ ಅಳತೆ ತೆಗೆದುಕೊಂಡು ಅಕ್ಕಸಾಲಿಗನ ಮುಂದೆ ಹೋಗಿ ಕುಳಿತ. ಒಂದು ಕಾಲಿಗೆ ಎಲ್ಲರಿಗೂ ಇರುವಂಥ ಉಂಗುರ. ಇನ್ನೊಂದಕ್ಕೆ ಎರಡು ಬೆರಳನ್ನೂ ಒಟ್ಟಿಗೆ ತಬ್ಬುವ ಅಗಲವಾದ ಉಂಗುರ. ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಸಿರುಗುಪ್ಪಕ್ಕೆ ಒಬ್ಬನೇ ಹೋದ. ಅಗಲದ ಉಂಗುರವನ್ನು ಆ ತಾಯಿಯ ಮುಂದಿಟ್ಟ. ಪ್ರಾಣಿಶಾಸ್ತ್ರದ ಒಂದು ಮಾತೂ ಆಡಲಿಲ್ಲವಂತೆ. ಅವರು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ.

ಸಂಜೆ ಮಾವ ನೇರವಾಗಿ ನಮ್ಮ ಮನೆಗೆ ಬಂದ. ನಾವೆಲ್ಲ ಬಾಗಿಲಿಗೆ ಬಂದೆವು. ಅವನು ಯಾರ ಮುಖವನ್ನೂ ನೋಡಲಿಲ್ಲ. ಒಳಗೆ ಹೋಗಿ ಅಕ್ಕನ ಮುಂದೆ ನೆಲದ ಮೇಲೆ ಕುಳಿತು, ಸೀರೆಯಡಿಯಿಂದ ಅವಳ ಎಡಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಜೇಬಿನಿಂದ ಅಗಲದ ಉಂಗುರ ತೆಗೆದು ಆ ಎರಡು ಬೆರಳಿಗೆ ಹಿಡಿದ.

"ಇದು ಬಿಗಿ ಆದೀತಂತವ್ವ. ಸಿರುಗುಪ್ಪದ ನಿಮ್ಮ ಅತ್ತಿ ಅಂದ್ರು, ನಮ್ಮ ಕೂಸಿಗೆ ನೋವಾಗಬಾರದು, ಸ್ವಲ್ಪ ಸಡ್ಲ ಮಾಡಸ್ರಿ ಅಂತ."